ಲಿಫ್ಟ್ ಮಾಡಿದ ವಿ-ಕ್ರಾಸ್‌ನಲ್ಲಿ ದಿನಾ ಆಫೀಸಿಗೆ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಊರು ಸಕಲೇಶಪುರದ ಹತ್ತಿರ, ಅಲ್ಲಿ ಅಪ್ಪನ ಕಾಫಿ ತೋಟ ಇದೆ, ತಿಂಗಳಿಗೆ ಒಂದೆರಡು ಸಲ ಹೋಗಿ ಬರುತ್ತೇವೆ. 2021ರ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, ಮ್ಯಾನುಯಲ್, ಫೋರ್ ಬೈ ಫೋರ್ ಒಂದು ಮಾರಾಟಕ್ಕೆ ಬಂದಿದೆ. 2 ಇಂಚು ಲಿಫ್ಟ್ (ಗಾಡಿ ಅಷ್ಟು ಎತ್ತರಿಸಿದ್ದಾರೆ), 285/70 ಆರ್17 ಮಡ್ ಟೆರೇನ್ ಟೈರು, ಸ್ಟೀಲ್ ಬಂಪರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಎಂಜಿನ್ ಗಾಳಿಗೆ ಮೇಲಕ್ಕೆ ಎತ್ತಿದ ಕೊಳವೆ ಅಂದರೆ ಸ್ನಾರ್ಕೆಲ್, ರಾಕ್ ಸ್ಲೈಡರ್, ರೂಫ್ ರ‍್ಯಾಕ್, ಅದರ ಮೇಲೆ ಎಲ್‌ಇಡಿ ಬಾರ್, ಜೊತೆಗೆ ಇಸಿಯು ರೀಮ್ಯಾಪ್ (ಜಾಸ್ತಿ ಶಕ್ತಿ ಬರಲಿ ಅಂತ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ್ದು), ಎಲ್ಲಾ ಇದೆ. ಮೀಟರಿನಲ್ಲಿ 60,000 ಕಿಲೋಮೀಟರ್. ಎರಡನೇ ಕಾರಿಗೆ ನಮ್ಮಲ್ಲಿ ಪಾರ್ಕಿಂಗ್ ಇಲ್ಲ, ಹಾಗಾಗಿ ಆಫೀಸಿಗೂ ಇದೇ, ತೋಟಕ್ಕೂ ಇದೇ, ಹೆಂಡತಿಯೂ ಇದನ್ನೇ ಓಡಿಸಬೇಕು. ದಿನಾ ಓಡಿಸಬಹುದಾ? ಮಾಡಿಫಿಕೇಶನ್‌ಗೆ ಅಂತ ಮಾರುವವರು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ, ಕೊಡಬಹುದಾ?

ಉತ್ತರ: ವಿ-ಕ್ರಾಸ್ ದಿನಾ ಓಡಿಸಬಹುದು, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಹೇಳಿದ ಈ ವಿ-ಕ್ರಾಸ್ ಈಗ ಹೇಗಿದೆಯೋ ಹಾಗೇ ದಿನಾ ಓಡಿಸೋದು ಬೇಡ. ಕೊಳ್ಳಬೇಡಿ ಅಂತಲೂ ಹೇಳುತ್ತಿಲ್ಲ. ಕೊಂಡು, ಅರ್ಧ ಸಾಮಾನು ಬಿಚ್ಚಿಸಿ, ಆಮೇಲೆ ಓಡಿಸಿ. ಯಾವುದು ಬಿಚ್ಚಬೇಕು, ಯಾವುದು ಇರಲಿ, ಯಾಕೆ, ಅದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ಮಾತು. ಈ ಗಾಡಿ ಕಟ್ಟಿಸಿದವರು ಬಂಡೆ, ಹಳ್ಳ, ಮೊಣಕಾಲುದ್ದ ಕೆಸರು ಮನಸ್ಸಲ್ಲಿಟ್ಟುಕೊಂಡು ಕಟ್ಟಿಸಿದ್ದಾರೆ. ನಿಮ್ಮ ಬಳಕೆ ಅದಲ್ಲ. ನಿಮ್ಮ ಕಿಲೋಮೀಟರ್‌ನಲ್ಲಿ ಬಹುಪಾಲು ನೈಸ್ ರಸ್ತೆ, ಹೊಸೂರು ರಸ್ತೆ, ಬೇಸ್‌ಮೆಂಟು, ಹಂಪು. ಉಳಿದಿದ್ದು ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಸಕಲೇಶಪುರಕ್ಕೆ ಹೋಗುವ ಹೆದ್ದಾರಿ. ಕೊನೆಗೆ ಉಳಿಯೋದು ತೋಟದೊಳಗಿನ ನಾಲ್ಕು ಹೆಜ್ಜೆ ಕೆಸರು. ಆ ನಾಲ್ಕು ಹೆಜ್ಜೆಗೆ ಈ ಗಾಡಿಯಲ್ಲಿರುವಂಥ 33 ಇಂಚು ಎತ್ತರದ ಟೈರು ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ನಿಮ್ಮ ಅಪ್ಪನ್ನ ಒಂದು ಮಾತು ಕೇಳಿ. ಮಲೆನಾಡಿನ ತೋಟಗಳಲ್ಲಿ ಹಳೇ ಮಹೀಂದ್ರ ಜೀಪುಗಳು ಸಣ್ಣ ಅಗಲದ ಟೈರಿನಲ್ಲೇ, ಹಿಂದೆ ಆಳು, ಗೊಬ್ಬರ, ಕಾಫಿ ಮೂಟೆ ಹೇರಿಕೊಂಡು ಜೂನ್-ಜುಲೈ ಮಳೆಯಲ್ಲಿ ಏರು ಹತ್ತಿವೆ, ಈಗಲೂ ಹತ್ತುತ್ತಿವೆ. ಕೆಸರಿನಲ್ಲಿ ಗಾಡಿ ದಾಟಿಸೋದು ನಿಧಾನವಾಗಿ ಜಾಸ್ತಿ ಬಲದಲ್ಲಿ ಎಳೆಯುವ ಲೋ ರೇಂಜ್ ಗೇರು, ಹಗುರ ಕಾಲು, ಮತ್ತೆ ಎಲ್ಲಿ ಚಕ್ರ ಇಡಬೇಕು ಅನ್ನೋ ಕಣ್ಣು. ಟೈರು ಆಮೇಲೆ.

ಆದರೂ ಟೈರಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ದಿನನಿತ್ಯದ ತಲೆನೋವಿನಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬರೋದು.

ಈ ಗಾಡಿಗೆ ಕಂಪನಿ ಕೊಟ್ಟ ಅಳತೆ 255/60 ಆರ್18 (ಮೊದಲನೇದು ಅಗಲ ಮಿಲಿಮೀಟರಿನಲ್ಲಿ, ಎರಡನೇದು ಪಕ್ಕೆಯ ಎತ್ತರ ಅಗಲದ ಎಷ್ಟು ಪರ್ಸೆಂಟ್ ಅಂತ, ಕೊನೇದು ರಿಮ್ ಇಂಚಿನಲ್ಲಿ). ಅದರ ವ್ಯಾಸ ಸುಮಾರು 763 ಮಿಲಿಮೀಟರ್. ಈಗ ಇರುವ 285/70 ಆರ್17ರ ವ್ಯಾಸ ಸುಮಾರು 831. ಅಂದರೆ ಹೆಚ್ಚುಕಮ್ಮಿ 9 ಪರ್ಸೆಂಟ್ ದೊಡ್ಡದು. ಇದರಿಂದ ಆಗೋದು ಏನು ಅಂದರೆ, ಮೀಟರ್ ಸರಿಪಡಿಸದೆ ಇದ್ದರೆ, ಅದು 80 ತೋರಿಸುವಾಗ ಗಾಡಿ ಹತ್ತಿರಹತ್ತಿರ 87ರಲ್ಲಿ ಓಡುತ್ತಿರುತ್ತೆ. ಕಂಪನಿ ಮೀಟರುಗಳು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ, ಆದ್ದರಿಂದ ಪೂರ್ತಿ 7 ತಪ್ಪದೇ ಇರಬಹುದು, ಜಿಪಿಎಸ್‌ನಲ್ಲಿ ಒಂದು ಸಲ ತಾಳೆ ನೋಡಿ. ಸ್ಪೀಡ್ ಕ್ಯಾಮೆರಾಕ್ಕೆ ನಿಮ್ಮ ಟೈರಿನ ಕಥೆ ಬೇಕಾಗಿಲ್ಲ. ಇನ್ನೊಂದು ತಮಾಷೆ ಇದೆ: ಓಡಿದ ದೂರವನ್ನು ಮೀಟರ್ ಕಮ್ಮಿ ಎಣಿಸುತ್ತೆ. ಮೊದಲಿಂದಲೂ ಈ ಟೈರೇ ಇದ್ದಿದ್ದರೆ ನಿಮ್ಮ 60,000 ನಿಜದಲ್ಲಿ 65,000ದ ಮೇಲೆ. ಆಯಿಲ್, ಫಿಲ್ಟರ್, ಎಲ್ಲದರ ಲೆಕ್ಕವೂ ಅಷ್ಟೇ ತಡವಾಗಿರುತ್ತೆ.

ದೊಡ್ಡ ಟೈರು ಅಂದರೆ ಪ್ರತಿ ಗೇರೂ 9 ಪರ್ಸೆಂಟ್ ಉದ್ದ ಆದ ಹಾಗೆ. ಹೆದ್ದಾರಿಯಲ್ಲಿ ಇದು ಅಷ್ಟು ಕಾಣಿಸಲ್ಲ, 360 ಎನ್‌ಎಂ ಟಾರ್ಕ್ ಇರುವ ಎಂಜಿನ್ ಎಳೆದುಬಿಡುತ್ತೆ. ಕಾಣಿಸೋದು ಟ್ರಾಫಿಕ್‌ನಲ್ಲಿ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಾಗ ಗಾಡಿ ತೆವಳುವ ವೇಗವೇ ಜಾಸ್ತಿ ಆಗಿರುತ್ತೆ. ಮುಂದಿನ ಆಟೋ ಅದಕ್ಕಿಂತ ನಿಧಾನ ಹೋಗುತ್ತಿದ್ದರೆ ನೀವು ಹಾಫ್ ಕ್ಲಚ್‌ನಲ್ಲೇ ಕೂರಬೇಕು. ಸಿಲ್ಕ್ ಬೋರ್ಡ್ ಕಡೆ ಹೋಗುವ ದಿನ, ಇಲ್ಲಾ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿನಲ್ಲಿ ಮುಂದೆ ಒಬ್ಬರು ಗೇಟ್ ತೆಗೆಯಲಿ ಅಂತ ನಿಂತ ದಿನ, ಕ್ಲಚ್ ಸುಟ್ಟ ವಾಸನೆ ಬಂದೇ ಬರುತ್ತೆ. ಆಸ್ಟ್ರೇಲಿಯಾದಲ್ಲಿ ಹೀಗೆ ಟೈರು ದೊಡ್ಡದು ಮಾಡಿದವರಲ್ಲಿ ಕೆಲವರು ಹಿಂದೆ-ಮುಂದೆ ಎರಡೂ ಕಡೆ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಗೇರ್ ಬದಲಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅದನ್ನು ಮಾಡಿಸುವವರು ತೀರಾ ಕಮ್ಮಿ. ಮಾರುವವರನ್ನು ಕೇಳಿ ನೋಡಿ, ಇಲ್ಲ ಅಂತಲೇ ಅಂತಾರೆ.

ತೂಕದ ವಿಷಯ. ಇಂಥ ದಪ್ಪ ಪಕ್ಕೆಯ ಮಡ್ ಟೈರು ಒಂದೊಂದೂ ಕಂಪನಿ ಟೈರಿಗಿಂತ 10 ಕೆಜಿಯ ಆಸುಪಾಸು ಭಾರ. ಆ ಭಾರ ಸ್ಪ್ರಿಂಗಿನ ಕೆಳಗೆ ಇರುತ್ತೆ, ಸುತ್ತುತ್ತಲೂ ಇರುತ್ತೆ. ಹಾಗಾಗಿ ಬ್ರೇಕು ಅದನ್ನು ನಿಲ್ಲಿಸಲು ಜಾಸ್ತಿ ಒದ್ದಾಡಬೇಕು. ವಿ-ಕ್ರಾಸ್‌ಗೆ ಹಿಂದೆ ಡ್ರಮ್ ಬ್ರೇಕು ಅನ್ನೋದು ನೆನಪಿರಲಿ. ಸಾಲದ್ದಕ್ಕೆ ಮಡ್ ಟೆರೇನ್ ಟೈರಿನ ಗುಬ್ಬಗಳ, ಅಂದರೆ ಉಬ್ಬಿದ ರಬ್ಬರ್ ತುಂಡುಗಳ ನಡುವೆ ಖಾಲಿ ಜಾಗ ಜಾಸ್ತಿ, ನೆಲಕ್ಕೆ ತಾಗುವ ರಬ್ಬರ್ ಕಮ್ಮಿ, ಸಣ್ಣ ಸೀಳುಗಳೂ ಕಮ್ಮಿ. ಕೆಸರಿನಲ್ಲಿ ಅದೇ ಒಳ್ಳೆಯದು, ಮಣ್ಣು ಕಚ್ಚಿ ಹೊರಗೆ ಎಸೆಯುತ್ತೆ. ಒದ್ದೆ ಟಾರಿನಲ್ಲಿ, ಒದ್ದೆ ಕಾಂಕ್ರೀಟ್‌ನಲ್ಲಿ ಅದೇ ಕೆಟ್ಟದ್ದು. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಯಲ್ಲಿ ಸಂಜೆ ಮಳೆ ಹನಿ ಶುರುವಾದ ಮೊದಲ ಹತ್ತು ನಿಮಿಷ, ಎರಡು ಟನ್ನಿನ ಮೇಲಿನ ಗಾಡಿ, ಮುಂದೆ ಬೈಕಿನವರು ಗಕ್ಕನೆ ನಿಂತರು ಅಂದುಕೊಳ್ಳಿ. ಈ ಟೈರು ಬೇಡ ಅನ್ನಲು ನನಗೆ ಈ ಕಾರಣ ಒಂದೇ ಸಾಕು, ಉಳಿದಿದ್ದೆಲ್ಲ ಅದರ ಮೇಲಿನದು.

ಉಳಿದಿದ್ದೂ ಇದೆ. 50-60 ದಾಟಿದ ಮೇಲೆ ಗುಯ್ ಅನ್ನೋ ಸದ್ದು, ಅದು ಟೈರು ಸವೆದ ಹಾಗೆ ಜಾಸ್ತಿ ಆಗುತ್ತೆ, ಕಮ್ಮಿ ಆಗಲ್ಲ. 5,000 ಕಿಲೋಮೀಟರಿಗೊಮ್ಮೆ ಚಕ್ರ ಅದಲು ಬದಲು ಮಾಡದಿದ್ದರೆ ಗುಬ್ಬಗಳು ಏರುಪೇರಾಗಿ ಸವೆದು ಸ್ಟೀರಿಂಗ್ ನಡುಗುತ್ತೆ. ದಾರಿಯಲ್ಲಿ ಪಕ್ಕೆ ಹರಿದರೆ ಈ ಅಳತೆ ಹಾಸನದಲ್ಲಿ ಸಿಗುತ್ತೆ ಅಂತ ನಂಬಿಕೊಂಡು ಹೋಗೋ ಹಾಗಿಲ್ಲ. ಐದನೇ ಚಕ್ರ, ಅಂದರೆ ಸ್ಟೆಪ್ನಿ, ಇದೇ ಅಳತೆಯದ್ದಾ ನೋಡಿ. ಎಷ್ಟೋ ಗಾಡಿಗಳಲ್ಲಿ ನಾಲ್ಕು ದೊಡ್ಡದು ಹಾಕಿ ಸ್ಟೆಪ್ನಿ ಹಳೇದೇ ಉಳಿಸಿರುತ್ತಾರೆ. ಫೋರ್ ಬೈ ಫೋರ್ ಹಾಕುವ ಗಾಡಿಯಲ್ಲಿ ಒಂದು ಚಕ್ರ ಚಿಕ್ಕದಿದ್ದರೆ ಅದು ಗೇರುಗಳಿಗೆ ನೇರ ಪೆಟ್ಟು.

ಇನ್ನು ಡೀಸೆಲ್. ನಿಮ್ಮ ಮನೆಯಿಂದ ನೈಸ್ ರಸ್ತೆ ಹಿಡಿದು ಆಫೀಸಿಗೆ ಹೋಗಿ ಬರೋದು 50 ಕಿಲೋಮೀಟರ್ ಅಂತಿಟ್ಟುಕೊಳ್ಳೋಣ, ತಿಂಗಳಿಗೆ 22 ದಿನ, 1,100 ಕಿಲೋಮೀಟರ್. ಲೀಟರಿಗೆ 11 ಬಂದರೆ 100 ಲೀಟರ್. 8 ಬಂದರೆ 137 ಲೀಟರಿನ ಮೇಲೆ. ಲೀಟರ್ 90 ರೂಪಾಯಿ ಲೆಕ್ಕ ಹಿಡಿದರೆ ತಿಂಗಳಿಗೆ 3,400 ರೂಪಾಯಿ ಹತ್ತಿರ ಸುಮ್ನೆ ಟೈರಿಗೂ ತೂಕಕ್ಕೂ ರ‍್ಯಾಕಿನ ಗಾಳಿಗೂ ಹೋಗುತ್ತೆ. ಈ ಗಾಡಿ 8 ಕೊಡುತ್ತೆ ಅಂತ ಗ್ಯಾರಂಟಿ ಕೊಡುತ್ತಿಲ್ಲ, ಆದರೆ ಹೀಗೆ ಹೇರಿಸಿಕೊಂಡ ಗಾಡಿಗಳು ಊರೊಳಗೆ ಅದರ ಅಕ್ಕಪಕ್ಕವೇ ನಿಲ್ಲೋದು.

ಹಾಗಾದರೆ ಏನು ಹಾಕಿಸಬೇಕು? ಆಲ್ ಟೆರೇನ್ ಟೈರು, ಕಂಪನಿ ಅಳತೆಯಲ್ಲೇ. ನನ್ನ ಸಲಹೆ ಅದು. ಸ್ವಲ್ಪ ದೊಡ್ಡದು ಬೇಕೇ ಬೇಕು ಅಂತ ಮನಸ್ಸು ಕೇಳದಿದ್ದರೆ ಗ್ಯಾರೇಜಿನವರು 265/60 ಆರ್18 ಹೇಳುತ್ತಾರೆ. ಅದು ಫಾರ್ಚುನರ್ ಫೋರ್ ಬೈ ಫೋರ್‌ಗೂ ಹೈಲಕ್ಸ್‌ಗೂ ಬರುವ ಅಳತೆ, ಹಾಗಾಗಿ ಟೈರು ಸುಲಭವಾಗಿ ಸಿಗುತ್ತೆ, ವ್ಯಾಸ ಒಂದೂವರೆ ಪರ್ಸೆಂಟ್ ಮಾತ್ರ ಜಾಸ್ತಿ. ಆದರೆ ಇನ್ಶೂರೆನ್ಸಿನವರ ಕಣ್ಣಿಗೆ ಅದೂ ಕಂಪನಿ ಅಳತೆ ಅಲ್ಲ, ಅದನ್ನು ತಿಳಿದುಕೊಂಡು ಹಾಕಿಸಿ. ಎರಡರಲ್ಲಿ ಯಾವುದು ಹಾಕಿದರೂ 18 ಇಂಚಿನ ಹಳೇ ರಿಮ್ ಬೇಕು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಟೈರು ಚಿಕ್ಕದಾದರೆ ಎತ್ತರ ಹೋಗುತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಹೋಗೋದು ವ್ಯಾಸದ ಅರ್ಧ ಮಾತ್ರ, 34 ಮಿಲಿಮೀಟರ್. ಕಂಪನಿ ಗಾಡಿಗೇ 220 ಮಿಲಿಮೀಟರಿನ ಆಸುಪಾಸು ನೆಲದಿಂದ ಅಂತರ ಇದೆ. ತೋಟದ ದಾರಿಗೆ ಅದು ಧಾರಾಳ ಸಾಕು.

ಈಗ ಪಾರ್ಕಿಂಗ್. ಟೇಪ್ ತೆಗೆದುಕೊಂಡು ಕೆಳಗಿಳಿದು ಇವತ್ತೇ ಅಳೆಯಿರಿ, ಗಾಡಿ ನೋಡಲು ಹೋಗೋ ಮೊದಲು. ವಿ-ಕ್ರಾಸ್ ಉದ್ದ ಸುಮಾರು 5.3 ಮೀಟರ್. ಅಪಾರ್ಟ್‌ಮೆಂಟಿನ ಒಂದು ಪಾರ್ಕಿಂಗ್ ಜಾಗ ಸಾಮಾನ್ಯವಾಗಿ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಸ್ಟಾಕ್ ಗಾಡಿ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯೇ ಒಂದು ಅಡಿ ಹೊರಗೆ ನಿಲ್ಲುತ್ತೆ, ವಿಂಚ್ ಬಂಪರ್ ಸೇರಿದರೆ ಇನ್ನೂ ಒಂದು ಗೇಣು. ಎದುರು ಪಾರ್ಕಿಂಗಿನವರ ಜೊತೆ ನಿಮ್ಮ ಸಂಬಂಧ ಹೇಗಿದೆ ಅನ್ನೋದರ ಮೇಲೆ ಉಳಿದಿದ್ದು. ಎತ್ತರ ಕಂಪನಿಯಿಂದ 1.85 ಮೀಟರ್ ಇತ್ತು, ಲಿಫ್ಟು 50, ಟೈರು 34, ರ‍್ಯಾಕು ಮತ್ತೆ ಲೈಟು ಬಾರ್ ಇನ್ನೊಂದು 150 ಮಿಲಿಮೀಟರ್ ಅಂದರೆ ಸುಮಾರು 2.08ಕ್ಕೆ ಬಂದು ನಿಲ್ಲುತ್ತೆ. ಎಷ್ಟೋ ಮಾಲು, ಆಫೀಸು, ಆಸ್ಪತ್ರೆಗಳ ಬೇಸ್‌ಮೆಂಟ್ ಬಾಗಿಲಲ್ಲಿ 2.1 ಅಂತ ಬೋರ್ಡು ಇರುತ್ತೆ, ಕೆಲವು ಕಡೆ 2. ಬೋರ್ಡು ದಾಟಿದಿರಿ ಅಂತ ಗೆದ್ದ ಹಾಗಲ್ಲ. ಒಳಗೆ ಬೆಂಕಿ ಆರಿಸುವ ನೀರಿನ ಪೈಪು, ಗಾಳಿಯ ಡಕ್ಟು ಅದಕ್ಕಿಂತ ಕೆಳಗೆ ಇಳಿದಿರುತ್ತವೆ. ಇನ್ನೊಂದು, ಇಳಿಜಾರು ಮುಗಿದು ನೆಲ ಸಮ ಆಗುವ ಜಾಗದಲ್ಲಿ ಉದ್ದ ಗಾಡಿಯ ನಡು ಚಾವಣಿ ಕಡೆಗೆ ಎದ್ದ ಹಾಗೆ ಆಗುತ್ತೆ, ಬೋರ್ಡಿನ ಲೆಕ್ಕ ಅಲ್ಲಿ ತಪ್ಪುತ್ತೆ. ಒಂದರ ಮೇಲೆ ಒಂದು ಕಾರು ನಿಲ್ಲಿಸುವ ಯಂತ್ರದ ಪಾರ್ಕಿಂಗ್ ನಿಮ್ಮ ಆಫೀಸಿನಲ್ಲಿದ್ದರೆ ಈ ಗಾಡಿಯನ್ನು ಮರೆತುಬಿಡಿ, ಎತ್ತರವೂ ಸೇರಲ್ಲ ತೂಕವೂ ಸೇರಲ್ಲ.

ಆದ್ದರಿಂದ ರ‍್ಯಾಕು ಮತ್ತೆ ಅದರ ಮೇಲಿನ ಲೈಟು ಬಿಚ್ಚಿಸಿ. ಪಿಕಪ್ಪಿಗೆ ಹಿಂದೆ ಅಷ್ಟು ದೊಡ್ಡ ಜಾಗ ಇಟ್ಟುಕೊಂಡು ತಲೆ ಮೇಲೆ ಸಾಮಾನು ಯಾಕೆ ಹೊರಬೇಕು ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ.

ಕಾನೂನಿನ ಮಾತು ಬೇಸರ ತರಿಸುತ್ತೆ, ಆದರೆ ದಿನಾ ಓಡಿಸುವವರಿಗೆ ಇದು ವಾರಾಂತ್ಯದವರಿಗಿಂತ ಜಾಸ್ತಿ ತಾಗುತ್ತೆ. ಯಾಕೆಂದರೆ ನೀವು ದಿನಾ ಅದೇ ಪೊಲೀಸರ ಮುಂದೆ ಹೋಗುತ್ತೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತಿದೆ. ಒಂದೊಂದಕ್ಕೂ ಅನ್ನೋದನ್ನು ಗಮನಿಸಿ, ನಿಮ್ಮ ಪಟ್ಟಿ ಉದ್ದ ಇದೆ. ಸ್ಟೀಲ್ ಬಂಪರಿನ ವಿಷಯ ಇನ್ನೂ ಹಳೆಯದು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ಶುರು ಮಾಡಿದರು. ನಾಳೆ ವಯನಾಡಿಗೋ ಕಾಸರಗೋಡಿಗೋ ಹೋಗುವ ಆಸೆ ಇದ್ದರೆ, ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ನಮ್ಮವರಿಗಿಂತ ಬಿಗಿ.

ಎಲ್ಲರೂ ಹಾಕಿಕೊಂಡು ಓಡಾಡುತ್ತಿದ್ದಾರಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜ, ಓಡಾಡುತ್ತಿದ್ದಾರೆ. ದಂಡ ಕಟ್ಟಿ ಹೋಗೋದಾದರೆ ಹೋಗಲಿ ಅನ್ನಬಹುದು. ದೊಡ್ಡ ಭಯ ಇನ್ಶೂರೆನ್ಸು. ದಿನಾ ಊರೊಳಗೆ ಓಡಿಸುವ ಗಾಡಿ ಇವತ್ತಲ್ಲ ನಾಳೆ ಯಾರಿಗಾದರೂ ತಾಗುತ್ತೆ. ಪಾಲಿಸಿಯಲ್ಲಿ ಮಾಡಿಫಿಕೇಶನ್ ತಿಳಿಸದೆ ಇದ್ದರೆ ಸರ್ವೇಯರ್ ಫೋಟೋ ತೆಗೆದ ಕೂಡಲೇ ನಿಮ್ಮ ಕ್ಲೇಮು ಅಲುಗಾಡಲು ಶುರು. ಕೊಳ್ಳುವ ಮೊದಲೇ ವಿಮಾ ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಏಜೆಂಟ್ ಫೋನಿನಲ್ಲಿ ಏನೂ ಆಗಲ್ಲ ಸರ್ ಅಂದಿದ್ದು ಆ ದಿನ ಉಪಯೋಗಕ್ಕೆ ಬರಲ್ಲ.

ಸ್ಟೀಲ್ ಬಂಪರ್ ತೆಗೆಸಿ ಅನ್ನಲು ಕಾನೂನು ಬಿಟ್ಟು ಬೇರೆ ಕಾರಣವೂ ಇದೆ. ಕಂಪನಿ ಗಾಡಿಯ ಮುಂಭಾಗ ಗುದ್ದಿದಾಗ ಕುಸಿಯಬೇಕು ಅಂತಲೇ ಮಾಡಿರುತ್ತಾರೆ, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅನ್ನೋ ಲೆಕ್ಕವೂ ಆ ಕುಸಿತದ ಮೇಲೆಯೇ ನಿಂತಿರುತ್ತೆ. ಗಟ್ಟಿ ಉಕ್ಕನ್ನು ನೇರ ಚಾಸಿಗೆ ಕಟ್ಟಿದರೆ ಆ ಲೆಕ್ಕ ಏರುಪೇರು. ರಸ್ತೆ ದಾಟುವ ಮನುಷ್ಯರ ಗತಿ ಬೇರೆ ಹೇಳಬೇಕಾಗಿಲ್ಲ. ಬಂಪರೂ ವಿಂಚೂ ಸೇರಿ 100 ಕೆಜಿಯ ಸುತ್ತಮುತ್ತ, ಅದೂ ಮುಂದಿನ ಆಕ್ಸಲ್‌ಗಿಂತ ಆಚೆ ನೇತಾಡುವ ಭಾರ. ಪ್ರತಿ ತಿರುವಿನಲ್ಲೂ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತೆ. ನಿಮ್ಮ ತೋಟಕ್ಕೆ ವಿಂಚ್ ಬೇಕೇ ಬೇಕು ಅನ್ನಿಸಿದರೆ ಕೈಯಲ್ಲಿ ಎಳೆಯುವ ವಿಂಚು ಒಂದು, ಒಳ್ಳೆ ಬೆಲ್ಟು, ಎರಡು ಶ್ಯಾಕಲ್ ಹಿಂದೆ ಡಬ್ಬಿಯಲ್ಲಿ ಹಾಕಿಡಿ. ಟ್ರ್ಯಾಕ್ಟರಂತೂ ಊರಲ್ಲಿ ಇದ್ದೇ ಇದೆ.

ಲಿಫ್ಟು ಬಗ್ಗೆ ನಾನು ಅಷ್ಟು ಕಠಿಣ ಇಲ್ಲ, ಆದರೆ ಯಾವ ಥರದ ಲಿಫ್ಟು ಅಂತ ನೋಡಬೇಕು. ಎರಡು ಬಗೆ ಇದೆ. ಒಂದರಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಹಿಂದಿನ ಲೀಫ್ ಎಲ್ಲಾ ಸೇರಿ ಒಂದೇ ಸೆಟ್ಟಾಗಿ ಬದಲಿಸಿರುತ್ತಾರೆ. ಇನ್ನೊಂದು ಅಗ್ಗದ್ದು: ಹಳೇ ಸ್ಟ್ರಟ್ಟಿನ ಮೇಲೆ ಒಂದು ತುಂಡು ಸ್ಪೇಸರ್ ಇಟ್ಟು ಎತ್ತಿರುತ್ತಾರೆ. ಸ್ಪೇಸರ್ ಹಾಕಿದ್ದರಲ್ಲಿ ಚಕ್ರ ಕೆಳಗೆ ಇಳಿಯುವ ಜಾಗ ಕಮ್ಮಿ ಆಗುತ್ತೆ. ಹಂಪ್ ಹತ್ತಿ ಇಳಿದ ಕೂಡಲೇ ಮುಂದೆ ಟಕ್ ಅಂತ ಲೋಹದ ಸದ್ದು ಬರುತ್ತೆ. ಆ ಸದ್ದು ಬಂದರೆ ಅಲ್ಲೇ ಬೇಡ ಅನ್ನಿ, ಇಲ್ಲಾ ಸ್ಟಾಕ್‌ಗೆ ವಾಪಸ್ ಹಾಕಿಸುವ ಖರ್ಚು ಲೆಕ್ಕ ಹಾಕಿ. ಪೂರ್ತಿ ಸೆಟ್ ಆಗಿದ್ದರೆ ಹಿಂದಿನ ಲೀಫ್ ಎಷ್ಟು ಭಾರಕ್ಕೆ ಅಂತ ಕೇಳಿ. ಯಾವಾಗಲೂ 300 ಕೆಜಿ ಸಾಮಾನು ಇರುತ್ತೆ ಅಂತ ಹಾಕಿಸಿದ ಲೀಫಿನ ಮೇಲೆ ಖಾಲಿ ಗಾಡಿ ಓಡಿಸಿದರೆ ಹಿಂದಿನ ಸೀಟಿನವರು ಕುದುರೆ ಮೇಲೆ ಕೂತ ಹಾಗೆ ಕುಣಿಯುತ್ತಾರೆ. ಮುಂದೆ ಆಕ್ಸಲ್ ಶಾಫ್ಟುಗಳ ಕೋನ ಜಾಸ್ತಿ ಆಗಿರುತ್ತೆ, ಚಕ್ರಕ್ಕೆ ಶಕ್ತಿ ಸಾಗಿಸುವ ಕೀಲಿನ, ಅಂದರೆ ಸಿವಿ ಜಾಯಿಂಟಿನ ರಬ್ಬರ್ ಬೂಟು ಹರಿದಿದೆಯಾ, ಗ್ರೀಸು ಎರಚಿದೆಯಾ ಅಂತ ಬಗ್ಗಿ ನೋಡಿ. ಬಾಲ್ ಜಾಯಿಂಟು ಅಲುಗಾಡಿಸಿ ನೋಡಿ. ಅಲೈನ್‌ಮೆಂಟ್ ವರದಿ ಇದ್ದರೆ ಕೇಳಿ, ಇಲ್ಲದಿದ್ದರೆ ನೀವೇ ಮಾಡಿಸಿ. ಮೇಲಿನ ಆರ್ಮ್ ಬದಲಿಸದೆ ಎತ್ತಿದ ಗಾಡಿಗಳಲ್ಲಿ ಎಷ್ಟೋ ಸಲ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಳತೆಯೊಳಗೆ ಬರಲ್ಲ, ಹೆದ್ದಾರಿಯಲ್ಲಿ ಸ್ಟೀರಿಂಗ್ ಸುಮ್ನೆ ಅಲೆಯುತ್ತೆ.

ಎತ್ತಿದ ಗಾಡಿಯಲ್ಲಿ ಹೆಡ್‌ಲೈಟೂ ಎತ್ತಿಕೊಂಡಿರುತ್ತೆ. ಲೋ ಬೀಮ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಸ್ಕ್ರೂ ತಿರುಗಿಸಿ ಇಳಿಸುವ ಹತ್ತು ನಿಮಿಷದ ಕೆಲಸ ಇದು, ಆದರೂ ಯಾರೂ ಮಾಡಿಸಲ್ಲ.

ಈಗ ನಿಮ್ಮ ಪಟ್ಟಿಯಲ್ಲಿ ಕೊನೆಗೆ ಬರೆದಿರುವ ರೀಮ್ಯಾಪ್. ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಅದರ ಮೇಲೆಯೇ. ಬಿಎಸ್6 ಡೀಸೆಲ್ ಗಾಡಿಗೆ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಮಸಿ ತುಂಬಿದಾಗ ಎಂಜಿನ್ ತಾನೇ ಒಂದಿಷ್ಟು ಡೀಸೆಲ್ ಜಾಸ್ತಿ ಕೊಟ್ಟು ಬಿಸಿ ಏರಿಸಿ ಅದನ್ನು ಸುಡುತ್ತೆ. ಅದಕ್ಕೆ ಸ್ವಲ್ಪ ಹೊತ್ತು ನಿಲ್ಲಿಸದೆ ಓಡಬೇಕು. ಬರೀ ಟ್ರಾಫಿಕ್‌ನಲ್ಲಿ ಓಡಿದರೆ ಸುಡೋದು ಅರ್ಧಕ್ಕೇ ನಿಲ್ಲುತ್ತೆ, ಸುಡದ ಡೀಸೆಲ್ ಇಳಿದು ಆಯಿಲ್ ಜೊತೆ ಸೇರುತ್ತೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ ಹಾಗೆ ಕಾಣುತ್ತೆ. ಈ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ನೈಸ್ ರಸ್ತೆಯಲ್ಲಿ ದಿನಾ ಒಂದೇ ವೇಗದಲ್ಲಿ ಓಡುವ ಅವಕಾಶ ನಿಮಗಿದೆ, ಟೋಲ್ ದುಡ್ಡು ಉಳಿಸಲು ಒಳದಾರಿ ಹಿಡಿಯಬೇಡಿ. ಟೋಲ್ ಅಂದ ಕೂಡಲೇ ನೆನಪಾಯಿತು, ಪಿಕಪ್ ಅಂತ ಫಾಸ್ಟ್‌ಟ್ಯಾಗ್ ಸರಕು ವಾಹನದ ವರ್ಗದಲ್ಲಿ ಸೇರಿದೆಯಾ ನೋಡಿ. ಆರ್‌ಸಿಯಲ್ಲೂ ಖಾಸಗಿ ವಾಹನ ಅಂತ ಇರಬೇಕು. ಸರಕು ವಾಹನ ಅಂತಿದ್ದರೆ ಹಳದಿ ಬೋರ್ಡು, ಫಿಟ್‌ನೆಸ್ ಸರ್ಟಿಫಿಕೇಟು, ಊರೊಳಗೆ ಹೊತ್ತಿನ ನಿರ್ಬಂಧ, ಎಲ್ಲಾ ಹಿಂದೆಯೇ ಬರುತ್ತವೆ.

ರೀಮ್ಯಾಪ್‌ಗೆ ವಾಪಸ್ ಬರೋಣ. ಎಷ್ಟೋ ಟ್ಯೂನರುಗಳು ರೀಮ್ಯಾಪ್ ಮಾಡುವಾಗ ಡಿಪಿಎಫ್ ಕಿತ್ತು, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಕಳಿಸುವ ವ್ಯವಸ್ಥೆ) ಮುಚ್ಚಿ, ಎರಡೂ ಇಲ್ಲದ ಹಾಗೆ ಸಾಫ್ಟ್‌ವೇರ್ ಬರೆದಿರುತ್ತಾರೆ. ಪರೀಕ್ಷೆ ಸುಲಭ. ತಣ್ಣಗಿರುವ ಸೈಲೆನ್ಸರ್ ಕೊಳವೆಯ ಒಳಗೆ ಬೆರಳು ಆಡಿಸಿ. ಡಿಪಿಎಫ್ ಸರಿ ಇರುವ ಗಾಡಿಯಲ್ಲಿ ಬೆರಳಿಗೆ ಹೆಚ್ಚೇನೂ ಹತ್ತಲ್ಲ. ಕಪ್ಪು ಮಸಿ ಬಳಿದುಕೊಂಡರೆ ಮಾರುವವರ ಮುಖ ನೋಡಿ. ಹೊಸ ಡಿಪಿಎಫ್ ಲಕ್ಷದ ಲೆಕ್ಕದ ಸಾಮಾನು. ಇನ್ನು ಸ್ಟಾಕ್ ಕ್ಲಚ್ ಮೇಲೆ ಜಾಸ್ತಿ ಟಾರ್ಕು, ಜೊತೆಗೆ 33 ಇಂಚಿನ ಟೈರು, ಅದರ ಮೇಲೆ ಬೆಂಗಳೂರು ಟ್ರಾಫಿಕ್ಕು. ಆ ಕ್ಲಚ್ಚಿನ ಆಯಸ್ಸು ಎಷ್ಟು ಉಳಿದಿದೆ ಅಂತ ನಾನು ಜ್ಯೋತಿಷ್ಯ ಹೇಳಲ್ಲ, ಥರ್ಡ್ ಗೇರಿನಲ್ಲಿ ಏರು ಕಡೆ ಪೂರ್ತಿ ಆಕ್ಸಿಲರೇಟರ್ ಒತ್ತಿ, ಎಂಜಿನ್ ಸದ್ದು ಮಾತ್ರ ಏರಿ ಗಾಡಿ ಏರದಿದ್ದರೆ ಕ್ಲಚ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಯಾವುದಕ್ಕೂ ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿಸಿ. 163 ಪಿಎಸ್ ಆಫೀಸಿಗೆ ಹೋಗಲು ಕಮ್ಮಿ ಆಗಲ್ಲ.

ಸ್ನಾರ್ಕೆಲ್ ಇರಲಿ ಬಿಡಿ. ಅದನ್ನು ತೆಗೆದರೆ ಫೆಂಡರಿನಲ್ಲಿ ತೂತು ಉಳಿಯುತ್ತೆ, ಹೊಸ ಫೆಂಡರ್ ಹಾಕಿಸಿ ಬಣ್ಣ ಹೊಡೆಸಬೇಕು. ಕಾನೂನಿನ ಕಣ್ಣಿಗೆ ಅದೂ ಬದಲಾವಣೆಯೇ, ವಿಮೆಗೆ ಬರೆಯುವಾಗ ಅದನ್ನೂ ಸೇರಿಸಿ. ಆದರೆ ಸ್ನಾರ್ಕೆಲ್ ಇದೆ ಅಂತ ಮಳೆಯಲ್ಲಿ ಅಂಡರ್‌ಪಾಸ್‌ಗೆ ಇಳಿಯುವ ಯೋಚನೆ ಮಾತ್ರ ಮಾಡಬೇಡಿ. ಅದು ಎಂಜಿನ್ ಗಾಳಿ ಎಳೆಯುವ ಬಾಯನ್ನು ಮೇಲೆ ಇಟ್ಟಿರುತ್ತೆ, ಅಷ್ಟೇ. ಕೆಳಗಿನ ಜೋಡಣೆಗಳಿಗೆ ಸೀಲು ಸರಿಯಾಗಿ ಹಾಕಿರದಿದ್ದರೆ ನೀರು ಅಲ್ಲಿಂದಲೇ ಹೋಗುತ್ತೆ. ಡಿಫರೆನ್ಷಿಯಲ್‌ನ ಉಸಿರುಕೊಳವೆ ಕೆಳಗೇ ಇರುತ್ತೆ. ಬಾಗಿಲು, ವೈರಿಂಗು, ಆಲ್ಟರ್ನೇಟರ್ ಎಲ್ಲಾ ನೀರಲ್ಲೇ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಿದ್ದು ನೆನಪಿದೆ ಅಲ್ವಾ. ಮುಂದಿನ ಗಾಡಿಯ ಚಕ್ರದ ಅರ್ಧ ಮುಳುಗುತ್ತಿದೆ ಅಂದರೆ ವಾಪಸ್ ತಿರುಗಿಸಿ, ಯಾವ ಗಾಡಿ ಆದರೂ ಸರಿ.

ಹೆಚ್ಚುವರಿ ಲೈಟು, ವಿಂಚ್ ಬಿಚ್ಚಿಸುವಾಗ ಅವುಗಳ ವೈರನ್ನೂ ಪೂರ್ತಿ ತೆಗೆಸಿ. ತುದಿಗೆ ಟೇಪ್ ಸುತ್ತಿ ಒಳಗೆ ತುರುಕಿ ಬಿಡುವ ಗ್ಯಾರೇಜಿನವರೇ ಜಾಸ್ತಿ. ಫ್ಯೂಸ್ ಇಲ್ಲದ ದಪ್ಪ ವೈರು ಬ್ಯಾಟರಿಗೆ ಕಟ್ಟಿಕೊಂಡು ಎಲ್ಲೋ ಉಜ್ಜಿಕೊಂಡರೆ ಬೆಂಕಿ. ದಿನಾ ಬೇಸ್‌ಮೆಂಟಿನಲ್ಲಿ ನಿಲ್ಲುವ ಗಾಡಿ ಇದು.

ನಿಮ್ಮ ಮನೆಯವರ ವಿಷಯಕ್ಕೆ ಬರೋಣ. ಗಾಡಿ ನೋಡಲು ಅವರನ್ನೂ ಕರೆದುಕೊಂಡು ಹೋಗಿ, ಅವರೇ ಓಡಿಸಲಿ, ಖಾಲಿ ರಸ್ತೆಯಲ್ಲಿ ಅಲ್ಲ, ಟ್ರಾಫಿಕ್‌ನಲ್ಲಿ. ರಿವರ್ಸ್ ಹಾಕಿ ನಿಮ್ಮ ಬೇಸ್‌ಮೆಂಟಿನ ಜಾಗದಲ್ಲೇ ನಿಲ್ಲಿಸಲಿ. ಈ ಎತ್ತರದ ಬಾನೆಟ್ಟಿನ ಮುಂದೆ ಸಣ್ಣ ಮಗು ನಿಂತರೆ ಕಾಣಲ್ಲ. ಮುಂದಕ್ಕೂ ಒಂದು ಕ್ಯಾಮೆರಾ ಹಾಕಿಸಿ, ನಾನು ಒಪ್ಪಿ ಹಾಕಿಸುವ ಒಂದೇ ಹೊಸ ಸಾಮಾನು ಅದು. ರಾಕ್ ಸ್ಲೈಡರ್ ಬಂಡೆ ತಾಗದಿರಲಿ ಅಂತ ಮಾಡಿದ್ದು, ಕಾಲಿಟ್ಟು ಹತ್ತಲು ಅಲ್ಲ, ಕೆಲವು ಜಾರುತ್ತವೆ. ಅಪ್ಪ-ಅಮ್ಮ ಸೀರೆ, ಪಂಚೆಯಲ್ಲಿ ಹತ್ತಿ ಇಳಿಯಬೇಕು ಅಂದರೆ ಅದರ ಬದಲು ಚಪ್ಪಟೆ ಸೈಡ್ ಸ್ಟೆಪ್ಪೇ ಒಳ್ಳೆಯದು.

ಇಬ್ಬರಿಗೂ ಸೇರಿ ಒಂದು ಮಾತು. ಮಳೆ ಬಂತು ಅಂತ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬೇಡಿ. ಇದರಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ಹಿಡಿತ ಇರುವ ರಸ್ತೆಯಲ್ಲಿ ತಿರುಗಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಶಿರಾಡಿ ಘಾಟಿಯಲ್ಲಿ ಇಳಿಯುವಾಗಲೂ ಟೂ ವೀಲೇ, ಕಮ್ಮಿ ಗೇರು. ಆದರೆ ಫೋರ್ ವೀಲನ್ನು ಮರೆತೇ ಬಿಡಬೇಡಿ, ಊರಿಗೆ ಹೋದಾಗೆಲ್ಲ ಮಣ್ಣಿನ ದಾರಿಯಲ್ಲಿ ಒಂದು ಸಲ ಹಾಕಿ ಸ್ವಲ್ಪ ದೂರ ಓಡಿಸಿ. ತಿಂಗಳುಗಟ್ಟಲೆ ಹಾಕದೆ ಬಿಟ್ಟರೆ ಬೇಕಾದ ದಿನ ಅದು ಕೂರಲ್ಲ.

ಬೆಲೆ. ಮಾಡಿಫಿಕೇಶನ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅವರು ಖರ್ಚು ಮಾಡಿದ್ದು ನಿಜ, ಆದರೆ ಅದರಲ್ಲಿ ಬಹುಪಾಲು ನೀವು ಬಿಚ್ಚಿಸುವ ಸಾಮಾನು. ಅದೇ ವರ್ಷದ ಸ್ಟಾಕ್ ವಿ-ಕ್ರಾಸ್ ಏನು ಬೆಲೆಗೆ ಹೋಗುತ್ತಿದೆ ನೋಡಿ, ಅಲ್ಲಿಂದ ಕೆಳಗೆ ಮಾತು ಶುರು ಮಾಡಿ. ಮೊದಲ ಪ್ರಶ್ನೆಯೇ ಹಳೇ ಸಾಮಾನು ಎಲ್ಲಿ ಅಂತ ಇರಲಿ. ಕಂಪನಿ ಬಂಪರ್, ಅದರ ಬ್ರಾಕೆಟ್ಟುಗಳು, 18 ಇಂಚಿನ ಐದು ರಿಮ್, ಹಳೇ ಸ್ಪ್ರಿಂಗು-ಶಾಕು, ಮೂಲ ಇಸಿಯು ಫೈಲು. ಇವೆಲ್ಲ ಗೋಡೌನಿನಲ್ಲಿ ಇಟ್ಟಿದ್ದೇನೆ ಅಂದವರು ಗಾಡಿಯನ್ನೂ ಚೆನ್ನಾಗಿ ನೋಡಿಕೊಂಡಿರುತ್ತಾರೆ, ಅಂಥವರಿಗೆ ಹತ್ತು ಸಾವಿರ ಜಾಸ್ತಿ ಹೋದರೂ ಪರವಾಗಿಲ್ಲ. ಮಾರಿಬಿಟ್ಟೆ ಅಂದರೆ ಬಂಪರಿನ ಮತ್ತೆ ರಿಮ್ಮಿನ ಬೆಲೆಯನ್ನು ಸರ್ವಿಸ್ ಸೆಂಟರಿನಲ್ಲಿ ಬರೆಸಿಕೊಂಡು ಬಂದು ಅಷ್ಟನ್ನೂ ಕಳೆದು ಮಾತಾಡಿ. ವಿಂಚು, ಸ್ಟೀಲ್ ಬಂಪರ್, ಮಡ್ ಟೈರು ಕೊಳ್ಳುವವರು ಬೇರೆ ಇದ್ದಾರೆ, ಟೈರಿನ ಗುಬ್ಬ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಒಳ್ಳೆ ಬೆಲೆಯೇ ಬರುತ್ತೆ, ಹೊಸ ಆಲ್ ಟೆರೇನ್ ಟೈರಿನ ಖರ್ಚಿನಲ್ಲಿ ಒಂದಿಷ್ಟು ಅಲ್ಲೇ ಹುಟ್ಟುತ್ತೆ.